ಅತ್ತೆ ಉಜ್ಜಿದ ಆರು ಗಾಜು

ಸ್ನೇಹಿತರೇ, ಇವತ್ತು ಬೆಳಿಗ್ಗೆ ನಮ್ಮತ್ತೆ ನನ್ನ ಎಂಟು ತಿಂಗಳ ಸಂಶೋಧನೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದರು.

ಬಣ್ಣ ಹೀರಿಕೊಂಡು ಬಿಸಿಲಿನಿಂದ ಕರೆಂಟು ಕೊಡುವ ಸೋಲಾರ್ ಸೆಲ್‌ಗಾಗಿ ಮಾಡಿದ ಆರು ಗಾಜಿನ ಬಿಲ್ಲೆಗಳವು. ಒಂದೊಂದರ ಮೇಲೂ ನ್ಯಾನೋ ಕಣಗಳ ಬಿಳಿ ಪದರ. ತಾರಸಿಯ ದಾಸವಾಳದ ರಸದಲ್ಲಿ ನೆನೆಸೋಣವೆಂದು ಲ್ಯಾಬಿನಿಂದ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಿದ್ದೆ. ಮೈಲಾಪೂರಿನ ನಮ್ಮ ಬೋರ್‌ವೆಲ್ ಉಪ್ಪುನೀರು ಲೋಟ, ನಲ್ಲಿ ಎಲ್ಲಕ್ಕೂ ಬಿಳಿ ಕರೆ ಕಟ್ಟುತ್ತದೆ. ಆ ಕರೆಯ ಮೇಲೆ ಅತ್ತೆಗೆ ಮೂವತ್ತು ವರ್ಷದ ಹಗೆ.

"ಎಲ್ಲಾ ಉಪ್ಪು ತಣ್ಣಿ ಕರೆ ಕಣಮ್ಮಾ. ಹುಣಸೆಹುಳಿ ಹಾಕಿ ತಿಕ್ಕಿದೆ, ಐದು ಫಳಫಳ ಅಂತಿದೆ. ಇದೊಂದು ಮಾತ್ರ ಏನ್ ಮಾಡಿದ್ರೂ ಹೋಗ್ತಾ ಇಲ್ಲ," ಎಂದರು.

ಬರುತ್ತಿದ್ದ ಅಳು ಅಲ್ಲೇ ನಿಂತಿತು. ಆ ಐದಕ್ಕೆ ಲೇಪ ಬಳಿದಿದ್ದೆ. ಇದೊಂದರಲ್ಲಿ ಮಾತ್ರ ಪದರವನ್ನು ಗಾಜಿನ ಮೇಲೆಯೇ ಸೂಕ್ಷ್ಮ ಕಡ್ಡಿಗಳಾಗಿ ಬೆಳೆಸಿದ್ದೆ. ಗಾಜಿಗೆ ಹಿಡಿದು ನಿಲ್ಲುವುದಿಲ್ಲ, ಬಿಟ್ಟುಬಿಡಿ ಎಂದು ನಮ್ಮ ಗೈಡ್ ಹೇಳಿದ್ದು ಇದನ್ನೇ.

ಬಿಡುವುದಿಲ್ಲ. ನಾಳೆಯಿಂದ ಆರನ್ನೂ ಹೀಗೆಯೇ ಬೆಳೆಸುತ್ತೇನೆ.

"ಇನ್ನೊಂದ್ಸಲ ತಿಕ್ಕಿ ನೋಡ್ಲಾ?" ಎಂದರು ಅತ್ತೆ.

"ಸೋಮವಾರ ಲ್ಯಾಬಿಗೆ ಬನ್ನಿ, ನಮ್ಮ ಗೈಡ್ ಎದುರಿಗೇ ತಿಕ್ಕಿ," ಎಂದೆ.

ತಮಾಷೆಗೆ ಹೇಳಿದ್ದು. ಈಗ ನೋಡಿದರೆ ಹೊಸ ನಾರು ಅತ್ತೆಯ ಬ್ಯಾಗಿನೊಳಗೆ ಹೋಗಿದೆ.