ಮಡೆಪ್ಪ ಒರೆಸದೆ ಬಿಟ್ಟ ಗಾಜು

ಹೈದರಾಬಾದ್ ಸಂಸ್ಥಾನದ ಮೇಲೆ ನಡೆದ ಪೊಲೀಸ್ ಕಾರ್ಯಾಚರಣೆಯ ಮರುವರ್ಷದ ಮಳೆಗಾಲದಲ್ಲಿ ಬೀದರಿನಿಂದ ಭಾಲ್ಕಿಯವರೆಗೂ ಒಂದು ಸುದ್ದಿ ಹಬ್ಬಿತ್ತು. ಔರಾದಿನ ದಾರಿಯಲ್ಲಿ ಅಡಗಿದ್ದ, ನಿಜಾಮನ ಕಡೆಯ ರಜಾಕಾರರು ಬಂಡಿ ಅಡ್ಡ ಹಾಕಿ ಮೋಟಾರು ಉರುಳಿಸಿದರಂತೆ. ಡ್ರೈವರ್ ಮಡೆಪ್ಪ ಒಬ್ಬನೇ ಅವರನ್ನು ಎದುರಿಸಿ ಪ್ರಯಾಣಿಕರನ್ನೆಲ್ಲ ಉಳಿಸಿದನಂತೆ. ಭಾಲ್ಕಿಯ ಹೋಟೆಲಿನಲ್ಲಿ ಈ ಶೂರನಿಗೆ ಚಹಾ ಪುಕ್ಕಟೆ.

ರಜಾಕಾರರು ಇರಲಿಲ್ಲ, ಎದುರಿಸುವ ಪ್ರಸಂಗವೂ ಬರಲಿಲ್ಲ. ಇದ್ದದ್ದು ಮಳೆ, ಎರೆಮಣ್ಣು ಮತ್ತು ಮಡೆಪ್ಪನ ಸೊಕ್ಕು.

ಕಮಠಾಣದ ಮಡೆಪ್ಪ ಸ್ಟೇರಿಂಗ್ ಹಿಡಿಯಲು ಕಲಿತದ್ದು ಬೀದರಿನ ಸುತ್ತಲಿನ ಕೆಂಪು ಮುರಮಿನ ಗಟ್ಟಿ ನೆಲದ ಮೇಲೆ. ಮುರಮು ಎಷ್ಟು ನೀರು ಕುಡಿದರೂ ಗಾಲಿಯನ್ನು ಜಾರಗೊಡುವುದಿಲ್ಲ. ಅದರ ಔದಾರ್ಯವನ್ನು ಅವನು ತನ್ನ ಕೈಚಳಕವೆಂದು ತಿಳಿದಿದ್ದ. ಅವನ ಮೋಟಾರಿಗೆ ಒಂದು ರೂಢಿಯೂ ಬಿದ್ದಿತ್ತು: ನಿಂತ ಊರಲ್ಲೆಲ್ಲ ಯಾರಾದರೊಬ್ಬ ಭಕ್ತ ಮುಂದಿನ ಗಾಜಿಗೆ ಮೂರು ಬೆರಳಿನಿಂದ ವಿಭೂತಿ ಎಳೆಯುವುದು. ಒರೆಸಿದರೆ ಅಪಚಾರವೆಂದು ಮಡೆಪ್ಪ ಪಟ್ಟೆಯ ಮೇಲೆ ಪಟ್ಟೆ ಬೆಳೆಯಗೊಟ್ಟ. ಜನ ಅವನನ್ನು ಭಕ್ತನೆಂದರು. ಅವನಿಗೆ ಅಷ್ಟು ಸಾಕಾಗಿತ್ತು.

ಆ ದಿನ ಔರಾದಿಗೆ ಹೋಗುವಾಗ ಸಂತಪುರ ದಾಟುತ್ತಲೇ ಮಳೆ ಹಿಡಿಯಿತು. ವಿಭೂತಿ ಕರಗಿ ಸುಣ್ಣದ ನೀರಾಯಿತು. ವೈಪರಿನ ಕಡ್ಡಿ ಅದನ್ನು ಗಾಜಿನ ತುಂಬ ಸಾರಿಸಿತು.

"ಏ ಮಡೆಪ್ಪ, ನಿಂದರಿಸಿ ಒರಸೋ," ಎಂದಳು ಹಿಂದೆ ಕುಳಿತಿದ್ದ ಶಾಂತಾಬಾಯಿ. ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ಮುದುಕಿ.

"ಇಭೂತಿ ಒರಸಂತೀರೇನ್ರಿ ಆಯಿ? ನೀವಽ ಹಿಂಗಂದ್ರ ಹ್ಯಾಂಗ್ರಿ?"

"ಇಭೂತಿ ಇರೋದು ಹಣಿಗೋ, ಗಾಜಿಗಲ್ಲ. ದಾರಿ ಕಾಣ್ತದೇನು ನಿನಗ?"

"ಈ ದಾರಿ ಕಣ್ಣು ಮುಚ್ಚಿದ್ರೂ ಗೊತ್ತದರಿ ನನಗ."

"ಮುಚ್ಚಿದ್ದು ಸಾಕು, ಈಗರ ತೆಗಿ!"

ಮೋಟಾರಿನಲ್ಲಿದ್ದವರೆಲ್ಲ ನಕ್ಕರು. ಆ ನಗೆಗೆ ಉತ್ತರವಾಗಿ ಮಡೆಪ್ಪ ವೇಗ ಹೆಚ್ಚಿಸಿದ. ಅವನ ಬುದ್ಧಿ ಓಡುತ್ತಿದ್ದದ್ದು ಅಷ್ಟೇ ದೂರ.

ಇಳಿಜಾರಿನ ಎರೆಮಣ್ಣು ನೆನೆದು ಬೆಣ್ಣೆಯಾಗಿತ್ತು. ಸಂತಪುರದ ಮಕ್ಬೂಲನ ಮೇವಿನ ಬಂಡಿ ರಸ್ತೆಯ ಅಂಚು ಹಿಡಿದು ಮುಂದೆ ಹೋಗುತ್ತಿತ್ತು. ಬಿಳಿಚಿದ ಗಾಜಿನಾಚೆ ಅದು ಕಾಣಿಸಿದಾಗ ಮಾರು ದೂರವೂ ಉಳಿದಿರಲಿಲ್ಲ. ಮಡೆಪ್ಪ ಬ್ರೇಕನ್ನು ಒಮ್ಮೆಲೇ ತುಳಿದ. ಗಾಲಿ ನಿಂತವು, ಮೋಟಾರು ನಿಲ್ಲಲಿಲ್ಲ. ಜಾರುತ್ತ ಹೋಗಿ ಬಂಡಿಗೆ ಬಡಿದು ತಗ್ಗಿಗೆ ಮಗುಚಿತು. ಎಲ್ಲರಿಗಿಂತ ಮೊದಲು ಹೊರಗೆ ಹಾರಿದವನು ಮಡೆಪ್ಪ. ಕೈ ಮುರಿದ ಶಾಂತಾಬಾಯಿಯನ್ನು ಕಿಟಕಿಯಿಂದ ಎಳೆದು ತೆಗೆದವನು ಮಕ್ಬೂಲ. ಅವನದೊಂದು ಎತ್ತು ಅಲ್ಲೇ ಸತ್ತಿತು. ಗಾಜಿನ ವಿಭೂತಿಗೆ ಅಷ್ಟು ಮರ್ಯಾದೆ ಕೊಟ್ಟವನು ಸತ್ತ ಎತ್ತಿನ ಕಡೆ ತಿರುಗಿಯೂ ನೋಡಲಿಲ್ಲ.

ಪೊಲೀಸ್ ಜಮಾದಾರ ಬಂದಾಗ ಮಡೆಪ್ಪನಿಗೆ ತನ್ನ ನೌಕರಿಯೊಂದೇ ನೆನಪಾಯಿತು. "ಬೇಕಂತಽ ಅಡ್ಡ ಹಾಕ್ಯಾನ್ರಿ ಸಾಹೇಬ್ರ. ರಜಾಕಾರ ಅದಾನ್ರಿ ಇಂವ."

ಆ ವರ್ಷ ಮಕ್ಬೂಲನೆಂಬ ಹೆಸರಿನವನನ್ನು ಕೂಡಿಹಾಕಲು ಬೇರೆ ಸಾಕ್ಷಿ ಬೇಕಿರಲಿಲ್ಲ. ಹಗ್ಗ ಬಿಗಿಯುವಾಗ ಮಕ್ಬೂಲ ಮಡೆಪ್ಪನ ಮುಖವನ್ನೇ ನೋಡುತ್ತಿದ್ದ. ಮಡೆಪ್ಪ ತನ್ನ ಅಂಗಿಯ ಕೆಸರು ಒರೆಸಿಕೊಳ್ಳುತ್ತಿದ್ದ. ಒರೆಸುವುದು ಅವನಿಗೆ ಬರುತ್ತಿತ್ತೆಂದಾಯಿತು.

ಕೈಗೆ ಪಟ್ಟಿ ಕಟ್ಟಿಸಿಕೊಂಡ ಶಾಂತಾಬಾಯಿ ಮರುವಾರ ಚೌಕಿಗೆ ಬಂದಳು. ಹೇಳಿಕೆ ಕೊಡಲು ಮಡೆಪ್ಪನೂ ಅಲ್ಲಿಗೆ ಬಂದಿದ್ದ.

"ಸಾಹೇಬ್ರ, ಬಂಡಿ ಅಂಚಿಗಿತ್ರಿ. ನಾ ಒರಸು ಅಂದೆ, ಇಂವ ಒರಸಲಿಲ್ಲ. ಹೋಗಿ ಗಾಜು ನೋಡ್ರಿ."

ಜಮಾದಾರ ಇಬ್ಬರನ್ನೂ ಕರೆದುಕೊಂಡು ಹೋದ. ತಗ್ಗಿನಲ್ಲಿ ಇನ್ನೂ ಮಗುಚಿ ಬಿದ್ದಿದ್ದ ಮೋಟಾರಿನ, ಮಳೆಗೆ ಮರೆಯಾದ ಗಾಜಿನ ಮೇಲೆ ವಿಭೂತಿ ಗೋಡೆಗೆ ಮೆತ್ತಿದ ಗಿಲಾಯಿಯಂತೆ ಒಣಗಿತ್ತು. ಜಮಾದಾರ ಉಗುರಿನಿಂದ ಕೆರೆದು ಮಡೆಪ್ಪನ ಕಡೆ ನೋಡಿದ.

"ದೇವರದು ಒರಸಬಾರದಂತ್ರಿ..." ಎಂದ ಮಡೆಪ್ಪ.

"ದೇವರ ಹೆಸರು ತಗೀಬ್ಯಾಡ," ಎಂದಳು ಶಾಂತಾಬಾಯಿ. "ಮನಷ್ಯಾನ್ನ ಜೇಲಿಗಿ ಹಾಕಿಸುವಾಗ ಯಾವ ದೇವರು ನೆನಪಿದ್ದ ನಿನಗ?"

ಸಂಜೆಗೆ ಮಕ್ಬೂಲನನ್ನು ಬಿಟ್ಟರು. ಮಡೆಪ್ಪನ ಲೈಸನ್ಸ್ ರದ್ದಾಯಿತು.

ಈಗ ಔರಾದಿನ ಮೋಟಾರನ್ನು ಬೇರೊಬ್ಬ ಓಡಿಸುತ್ತಾನೆ. ಮಕ್ಬೂಲ ಉಳಿದ ಎತ್ತಿಗೆ ನೆರೆಯವರ ಎತ್ತು ಜೊತೆ ಮಾಡಿ ಬಂಡಿ ಹೂಡುತ್ತಾನೆ. ಮಡೆಪ್ಪ ಕಮಠಾಣದಲ್ಲೇ ಇದ್ದಾನೆ. ಮಕ್ಬೂಲನ ಮನೆಗೆ ಇದುವರೆಗೂ ಹೋಗಿಲ್ಲ.