ಅಜ್ಜನ ಮೀಸೆಯ ಬೆಣ್ಣೆ

ಈ ವಯಸ್ಸಿನಲ್ಲಿ ಪಥ್ಯಾಹಾರ ಕಲಿಸುವ ಡಯಟ್ ಕೋರ್ಸಿನ ಫಸ್ಟ್ ಇಯರ್ ಸ್ಟೂಡೆಂಟ್ ನಾನು. ಈ ಗ್ರೂಪಿನಲ್ಲಿ ಬರೆಯಲು ಹೆದರಿಕೆ, ತಪ್ಪಿದ್ದರೆ ಕ್ಷಮಿಸಿ. ಬೆಳಿಗ್ಗೆ ಬೆಣ್ಣೆಯ ವಾಸನೆಗೆ ಅರಕೇರಾದ ಅಜ್ಜ ನೆನಪಾದ.

ಎದೆನೋವು ಇನ್ನೊಮ್ಮೆ ಬಂದರೆ ಕಷ್ಟ ಎಂದು ರಾಯಚೂರಿನ ಡಾಕ್ಟರ್ ಅವನಿಗೆ ಬೆಣ್ಣೆ ಬಿಡಿಸಿದ್ದರು. ಆಗ ಶಾಲೆಯಲ್ಲಿದ್ದ ನಾನು ಹಾಸ್ಟೆಲಿನಿಂದ ರಜೆಗೆ ಹೋದಾಗೆಲ್ಲ ಅಜ್ಜಿ ಅವನ ಬಾಯಿ ಮೂಸಿ ನೋಡುತ್ತಿದ್ದಳು.

"ಮತ್ತ ಬೆಣ್ಣಿ ತಿಂದಿಯಲ್ಲೋ ಮುದಕಾ!"

"ಇಲ್ಲಬೇ, ಮೀಸಿಗಿ ಹಚ್ಚೀನಿ."

"ಗಡಗಿ ಬರಿದಾಗ್ಯದ. ಅಷ್ಟು ದೊಡ್ಡ ಮೀಸಿ ಯಾರದೋ?"

ಮರುದಿನ ಗಡಿಗೆ ಅಟ್ಟ ಸೇರಿತು. ಮುಂಜಾನೆ ಅಜ್ಜಿಯೇ ಬೆರಳ ತುದಿಯಲ್ಲಿ ಬೆಣ್ಣೆ ತಂದು ಅವನ ಮೀಸೆಗೆ ಸವರುತ್ತಿದ್ದಳು. ಕಣ್ಣು ಮಾತ್ರ ಅವನ ನಾಲಿಗೆಯ ಮೇಲೆ.

ಈಗ ನಮ್ಮ ಮನೆಯವರಿಗೂ ಡಾಕ್ಟರ್ ಬೆಣ್ಣೆ ಬೇಡವೆಂದಿದ್ದಾರೆ. ನಿನ್ನೆ ತಂದ ಪ್ಯಾಕೆಟ್ ಅರ್ಧ ಖಾಲಿಯಾಗಿದೆ, ಕೇಳಿದರೆ "ನಾನಲ್ಲ" ಅನ್ನುತ್ತಾರೆ. ಮನೆಯಲ್ಲಿರುವುದು ನಾವಿಬ್ಬರೇ. ಅವರು ಸ್ವಲ್ಪವಾದರೂ ತಿನ್ನಬಹುದೇ? ತಿಳಿದವರು ಬೇಗ ರಿಪ್ಲೈ ಮಾಡಿರಿ.