ಅಮ್ಮ ಎತ್ತಿಟ್ಟ ಹಾಳೆಗಳು

ನಮ್ಮ ಅಮ್ಮ ಹೇಳಿಕೊಟ್ಟ ಪಾಠಗಳಲ್ಲಿ ಸತ್ತವರು ಒಬ್ಬರೂ ಇಲ್ಲ. ಹುಲಿಯ ಬಾಯಿಗೆ ಬಿದ್ದ ದನಗಾಹಿ ಮೈ ಕೊಡವಿಕೊಂಡು ಎದ್ದು ಮನೆಗೆ ಹೋಗಿ ರೊಟ್ಟಿ ಉಂಡ. ಮುಳುಗಿದ ಹಡಗಿನವರೆಲ್ಲ ಹಲಗೆ ಹಿಡಿದು ದಂಡೆಗೆ ಬಂದರು. ಬರದಲ್ಲಿ ಊರು ಬಿಟ್ಟ ಮುದುಕಿಗೆ ದಾರಿಯಲ್ಲಿ ಯಾರೋ ಅಂಬಲಿ ಕೊಟ್ಟರು. ಹದಿನಾರು ವರ್ಷದವರೆಗೆ ನನ್ನ ಅಕ್ಕ ಜೈನಾಬಿ, ಹನ್ನೆರಡು ವರ್ಷದವರೆಗೆ ನಾನು, ಜಗತ್ತು ಹೀಗೇ ಇದೆ ಎಂದು ನಂಬಿದ್ದೆವು. ಈಗ ನನ್ನ ಮೊಮ್ಮಕ್ಕಳಿಗೆ ಇದನ್ನು ಹೇಳಿದರೆ ನಗುತ್ತವೆ. ನಗಲಿ ಬಿಡಿ, ಅವಕ್ಕೇನು ಗೊತ್ತು.

ಅಮ್ಮನ ಹೆಸರು ಹುಸೇನಬಿ. ಗಬ್ಬೂರಿನ ಪಿಂಜಾರರ ಮಗಳು. ಅವಳ ತವರಿನಲ್ಲಿ ಕನ್ನಡವೇ ಮನೆಮಾತು. ಅವಳ ಅಪ್ಪ ಊರೂರು ತಿರುಗಿ ಅರಳೆ ಬಡಿದು ಗಾದಿ ಹೊಲಿಯುವವನು. ಒಂದು ಬೇಸಿಗೆ ಯಾರೋ ಮಾಸ್ತರರ ಮನೆಯಲ್ಲಿ ಮಗಳ ಮದುವೆಗೆಂದು ಹತ್ತು ಗಾದಿ ಮಾಡಿಸಿದರಂತೆ. ಅಪ್ಪನ ಕೆಲಸ ಮುಗಿಯುವವರೆಗೆ ಈಕೆ ಆ ಮನೆಯ ಮಕ್ಕಳ ಪಕ್ಕದಲ್ಲಿ ಕೂತು ಅಕ್ಷರ ಕಲಿತಳು. ಯಾರಾದರೂ ನಿನಗೆ ಓದು ಹೇಗೆ ಬಂತು ಎಂದು ಕೇಳಿದರೆ ಅಮ್ಮನ ಉತ್ತರ ಒಂದೇ: "ನಾ ಅರಳ್ಯಾಗ ಕುಂತು ಕಲ್ತಾಕಿರಿ, ಅದಕ್ಕ ನನ್ನ ವಿದ್ಯಾ ಹಗುರ ಐತಿ." ಹಾಗೆ ಹೇಳಿ ತಾನೇ ಮೊದಲು ನಗುತ್ತಿದ್ದಳು. ಗಿಡ್ಡ ಆಳು, ದೊಡ್ಡ ದನಿ. ಓದುವಾಗ ಸಾಲಿನ ಕೆಳಗೆ ಬೆರಳಿಟ್ಟು, ಮೈಯೆಲ್ಲ ತೂಗಿಸಿ ಓದುತ್ತಿದ್ದಳು. ಬೆರಳು ಸಾಲು ತಪ್ಪಿದರೆ ಬೆರಳಿಗೇ ಬೈಯುತ್ತಿದ್ದಳು.

ನಮ್ಮ ಅಬ್ಬಾ ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ. ಮುಂದಿನ ಪಡಸಾಲೆಯೇ ಅವನ ಅಂಗಡಿ. ಶಾಲೆಗಳಿಂದ, ಕಚೇರಿಗಳಿಂದ ಹರಿದುಹೋದ ಪುಸ್ತಕಗಳು ಗಂಟುಗಂಟಾಗಿ ಬರುತ್ತಿದ್ದವು. ಅಬ್ಬಾ ಮೊದಲು ಹಳೆಯ ಹೊಲಿಗೆ ಬಿಚ್ಚಿ ಹಾಳೆಗಳನ್ನು ಬಿಡಿ ಮಾಡಿ ಇಡುತ್ತಿದ್ದ. ಮತ್ತೆ ಹೊಲಿದು, ಅಂಟು ಹಚ್ಚಿ, ಕಲ್ಲು ಹೇರಿ, ರಟ್ಟು ಹಾಕುವುದಕ್ಕೆ ಎಂಟು ದಿನ ಬೇಕು. ಅವನಿಗೆ ಅಂಕಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಪುಟದ ಅಂಕಿ ನೋಡಿ ಜೋಡಿಸುತ್ತಿದ್ದ, ಅಷ್ಟೆ. ಆ ಎಂಟು ದಿನ ಪುಸ್ತಕ ನಮ್ಮದು. ಒಂಬತ್ತನೇ ದಿನ ಅದು ಹೊಸ ಅಂಗಿ ತೊಟ್ಟು ತನ್ನ ಶಾಲೆಗೆ ಹೋಗುತ್ತಿತ್ತು, ನಾವು ಮನೆಯಲ್ಲೇ ಉಳಿಯುತ್ತಿದ್ದೆವು.

ನಾವು ಶಾಲೆಗೆ ಹೋಗದಿದ್ದುದಕ್ಕೆ ಕಾರಣ ನಮ್ಮ ಅಣ್ಣ ದಸ್ತಗೀರ. ನಾನು ಅವನನ್ನು ಕಂಡಿಲ್ಲ, ಆಗ ನಾನು ಅಮ್ಮನ ಹೊಟ್ಟೆಯಲ್ಲಿದ್ದೆ. ಊರಿಗೆ ಪ್ಲೇಗು ಬಂದ ವರ್ಷ ಅವನಿಗೆ ಒಂಬತ್ತು ತುಂಬಿತ್ತು. ಬುಧವಾರ ಮಧ್ಯಾಹ್ನ ಶಾಲೆಯಿಂದ ಮೈ ಬಿಸಿ ಎಂದು ಬಂದ, ಶುಕ್ರವಾರದ ನಮಾಜಿನ ಹೊತ್ತಿಗೆ ಇರಲಿಲ್ಲ. ನಲವತ್ತು ದಿನ ಕಳೆದ ಮೇಲೆ ಅಮ್ಮ ಅವನು ಬರೆಯುತ್ತಿದ್ದ ಪಾಟಿಯನ್ನು ಟ್ರಂಕಿನ ತಳಕ್ಕೆ ಹಾಕಿ, ಈ ಮನೆಯಿಂದ ಇನ್ನು ಯಾರೂ ಸಾಲಿಗೆ ಹೋಗುವುದಿಲ್ಲ ಎಂದಳಂತೆ. ಮಕ್ಕಳು ಕುರುಡಾಗಿ ಬೆಳೆಯಬೇಕೇನು ಎಂದು ಅಬ್ಬಾ ಕೇಳಿದ್ದಕ್ಕೆ, ನಾನು ಸತ್ತಿಲ್ಲವಲ್ಲ ಎಂದಳಂತೆ. ಹೀಗೆ ಶುರುವಾಯಿತು ಅಮ್ಮನ ಸಾಲಿ.

ಆ ಸಾಲಿಗೆ ಗಂಟೆ ಇರಲಿಲ್ಲ, ಅಂಟು ಇತ್ತು. ಬೆಳಿಗ್ಗೆ ರೊಟ್ಟಿ ಬಡಿದಾದ ಮೇಲೆ ಅಮ್ಮ ಅದೇ ಒಲೆಯ ಮೇಲೆ ಮೈದಾ ಅಂಟು ಕಾಯಿಸಲು ಇಡುತ್ತಿದ್ದಳು. ಒಬ್ಬಳು ಅಂಟು ತಿರುವಬೇಕು, ಇನ್ನೊಬ್ಬಳು ಓದಬೇಕು. ಹುಳ ಹಿಡಿಯದಿರಲೆಂದು ಅದಕ್ಕೆ ಮೈಲುತುತ್ತ ಹಾಕುತ್ತಿದ್ದರು; ಅಕ್ಕ ಒಮ್ಮೆ ಆ ನೀಲಿ ಬಣ್ಣಕ್ಕೆ ಮರುಳಾಗಿ ನೆಕ್ಕಿ ಮೂರು ದಿನ ಕಕ್ಕಿದಳು. ಅಂಟು ಆರುವುದರೊಳಗೆ ಪಾಠ ಮುಗಿಯಬೇಕು, ಆರಿದರೆ ಅಬ್ಬಾ ಕೂಗುತ್ತಿದ್ದ. ಬರೆಯುವುದಕ್ಕೆ ನಮಗೆ ಸಿಗುತ್ತಿದ್ದುದು ಪುಸ್ತಕದ ಅಂಚು ಕತ್ತರಿಸಿದ ಪಟ್ಟಿಗಳು, ಎರಡು ಬೆರಳು ಅಗಲ, ಒಂದು ಗೇಣು ಉದ್ದ. ಹಾಗಾಗಿ ನಮ್ಮಿಬ್ಬರ ಅಕ್ಷರ ಇಂದಿಗೂ ಇರುವೆ ಸಾಲು.

ಪಾಠ ಮುಗಿದ ಮೇಲೆ ಅಮ್ಮ ಸೆರಗು ತಲೆಗೆಳೆದು ಎರಡೂ ಕೈ ಎತ್ತುತ್ತಿದ್ದಳು. ದೊಡ್ಡ ದುವಾ ಏನಲ್ಲ. "ಇವತ್ತಿಗೆ ಇಷ್ಟ ಕೊಟ್ಟಿ, ಸಾಕಪ್ಪಾ," ಅಷ್ಟೆ. ಅಂಟಿನ ಹಬೆ, ಒಲೆಯ ಮೇಲೆ ಉಳಿದ ಬಿಸಿ, ಹೊರಗೆ ಅಬ್ಬಾ ಕಲ್ಲು ಎತ್ತಿಡುವ ಸದ್ದು. ನಾವು ಸುಖವಾಗಿದ್ದೆವು. ಇದನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ, ಏಕೆಂದರೆ ಮುಂದೆ ಹೇಳುವಂಥದ್ದರಲ್ಲಿ ಸುಖದ ಮಾತು ಇಲ್ಲ.

ಬಳಸಿ ಹಳತಾದ ಪುಸ್ತಕದಲ್ಲಿ ಮೊದಲು ಹೋಗುವುದು ಕೊನೆಯ ಹಾಳೆ. ನಮ್ಮ ಕೈಗೆ ಬಂದ ಪುಸ್ತಕಗಳಲ್ಲಿ ಎಷ್ಟೋ ಪಾಠಗಳು ಹಾಗೆ ಅರ್ಧಕ್ಕೇ ನಿಲ್ಲುತ್ತಿದ್ದವು. ಅಲ್ಲಿಗೆ ಬಂದಾಗ ಅಮ್ಮ ಬೆರಳು ಎತ್ತಿ, "ಮುಂದಿನ ಹಾಳಿ ಹರದೈತಿ. ಇರ್ಲಿ, ನಾ ಹೇಳತೇನಿ," ಎನ್ನುತ್ತಿದ್ದಳು. ಕಣ್ಣು ಮುಚ್ಚಿ, ಓದಿದ್ದಕ್ಕಿಂತ ಚೆನ್ನಾಗಿ ಹೇಳುತ್ತಿದ್ದಳು. ಒಂದು ಕೋಟೆಯ ರಾಣಿಯ ಪಾಠವಂತೂ ನಮಗೆ ಬಾಯಿಪಾಠ. ಶತ್ರುಗಳು ಕೋಟೆ ಮುತ್ತುತ್ತಾರೆ, ಕಾಳು ತೀರುತ್ತದೆ, ಮುಂಬಾಗಿಲು ಮುರಿಯುತ್ತದೆ. ರಾಣಿ ಸಣ್ಣ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಹಿಂಬಾಗಿಲಿಗೆ ಬರುತ್ತಾಳೆ. ಅಲ್ಲಿಗೆ ಹಾಳೆ ಹರಿದಿತ್ತು. ಅಮ್ಮನ ಪ್ರಕಾರ ಹಿಂಬಾಗಿಲ ಆಚೆ ಒಂದು ಕೆರೆ. ರಾಣಿ ಮಗನನ್ನು ತಲೆಯ ಮೇಲೆ ಕೂರಿಸಿಕೊಂಡು ಕೆರೆ ದಾಟಿದಳು. ಆಚೆ ದಡದಲ್ಲಿ ಅವಳ ತವರು. ಮಗ ದೊಡ್ಡವನಾಗಿ ಹೊಲ ಮಾಡಿದ, ರಾಣಿ ಮುದುಕಿಯಾಗಿ ಸೊಸೆಯ ಸಂಗಡ ಜಗಳಾಡಿದಳು. ಆ ಜಗಳವನ್ನು ಅಮ್ಮ ಎರಡು ದನಿಯಲ್ಲಿ ಆಡಿ ತೋರಿಸುತ್ತಿದ್ದಳು, ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು.

ಅಕ್ಕನಿಗೆ ಹದಿನಾರಾದಾಗ ಅಬ್ಬಾನ ಅಣ್ಣ, ನಮ್ಮ ದೊಡ್ಡಪ್ಪ, ಗದಗಿನ ಒಬ್ಬ ಇದ್ದಿಲು ವ್ಯಾಪಾರಿಯ ಸಂಬಂಧ ತಂದ. ವ್ಯಾಪಾರಿಯ ಹೆಂಡತಿ ತೀರಿಹೋಗಿದ್ದಳು, ಮೂರು ಮಕ್ಕಳು, ಅವನ ಗಡ್ಡದಲ್ಲಿ ಅರ್ಧ ಬಿಳಿ. ಅಕ್ಕ ಅದುವರೆಗೆ ಎದುರು ಮಾತಾಡಿದವಳಲ್ಲ. ಆ ದಿನ ಮಾತ್ರ ಮುಲ್ಕಿ ಪರೀಕ್ಷೆಗೆ ಕೂಡುತ್ತೇನೆ ಎಂದು ಹಟ ಹಿಡಿದಳು. ಕನ್ನಡ ಏಳನೆಯ ಇಯತ್ತೆಯ ಆ ಪರೀಕ್ಷೆ ಪಾಸಾದವರಿಗೆ ಶಿಕ್ಷಕಿಯ ತರಬೇತಿ ಸಿಗುತ್ತಿತ್ತು, ಮನೆಯಲ್ಲಿ ಓದಿದವರೂ ಕೂಡಬಹುದಿತ್ತು. ಪಾಸಾದರೆ ಗದಗಿನವರಿಗೆ ಇಲ್ಲ ಎನ್ನುತ್ತೇನೆ, ಇಲ್ಲದಿದ್ದರೆ ಅಣ್ಣನ ಮಾತು ಮೀರಲಾರೆ ಎಂದ ಅಬ್ಬಾ. ಅಮ್ಮ ಅಂದು ಅಂಟು ತಳ ಹಿಡಿಸಿದ್ದು ನನಗೆ ನೆನಪಿದೆ, ಅದಕ್ಕೆ ಮೊದಲು ಎಂದೂ ಹಿಡಿಸಿರಲಿಲ್ಲ.

ಪರೀಕ್ಷೆ ಧಾರವಾಡದಲ್ಲಿ. ಅಬ್ಬಾ, ಅಕ್ಕ, ನಾನು ರೈಲಿನಲ್ಲಿ ಹೋದೆವು. ಉಣಕಲ್ಲಿನ ಕೆರೆ ಕಂಡಾಗ ಅಕ್ಕ ನನ್ನ ಪಕ್ಕೆ ತಿವಿದು, ರಾಣಿ ದಾಟಿದ್ದು ಇಂಥದೇ ಕೆರೆ ಇರಬೇಕು ಎಂದಳು. ಅಂಥ ನಗುಮುಖದ ಅಕ್ಕನನ್ನು ನಾನು ಮತ್ತೆ ಕಾಣಲಿಲ್ಲ.

ಮೊದಲ ದಿನ ಬಾಯಿಮಾತಿನ ಪರೀಕ್ಷೆ. ನಾವು ಬಾಗಿಲ ಹೊರಗೇ ನಿಂತಿದ್ದೆವು, ಎಲ್ಲ ಕೇಳಿಸುತ್ತಿತ್ತು. ಅಕ್ಕ ಗಂಟೆ ಬಾರಿಸಿದಂತೆ ಓದಿದಳು, ಲೆಕ್ಕ ಸರಿ ಹೇಳಿದಳು. ಅಬ್ಬಾ ಗಡ್ಡ ನೀವಿಕೊಂಡ. ಆಮೇಲೆ ಪರೀಕ್ಷಕರು, ಪಾಪ, ಸುಲಭವಾದದ್ದು ಎಂದೇ ಆ ಕೋಟೆಯ ರಾಣಿಯ ಅಂತ್ಯ ಹೇಗಾಯಿತು ಎಂದು ಕೇಳಿದರು. ಅಕ್ಕ ಕೆರೆ ದಾಟಿಸಿದಳು, ತವರಿಗೆ ಮುಟ್ಟಿಸಿದಳು. ಅವರು ತಡೆದು, ಇಲ್ಲವಮ್ಮ, ರಾಣಿಯೂ ಮಗನೂ ಮದ್ದಿನ ಮನೆಗೆ ಬೆಂಕಿ ಬಿದ್ದು ಕೋಟೆಯಲ್ಲೇ ಸತ್ತರಲ್ಲ ಎಂದರು.

"ಸತ್ತಿಲ್ಲರಿ," ಎಂದಳು ಅಕ್ಕ. "ಆಕಿ ಸೊಸಿ ಕೂಡ ಜಗಳಾಡ್ಯಾಳ್ರಿ."

ಒಳಗೆ ಇದ್ದವರೆಲ್ಲ ನಕ್ಕರು. ಕೆಟ್ಟ ನಗೆಯಲ್ಲ, ಆದರೆ ಬಹಳ ಹೊತ್ತು ನಕ್ಕರು. ಇದನ್ನು ಎಲ್ಲಿ ಓದಿದೆ ಎಂದು ಕೇಳಿದಾಗ ಅಕ್ಕ, ನಮ್ಮ ಮನೆಯಲ್ಲಿ ಎಂದಳು. ಆ ಒಂದು ತಪ್ಪಿಗೆ ಅವರೇನೂ ಅವಳನ್ನು ಕೆಡವುತ್ತಿರಲಿಲ್ಲ, ನಾಳೆ ಲಿಖಿತ ಚೆನ್ನಾಗಿ ಮಾಡು ಎಂದೇ ಕಳಿಸಿದರು. ಆದರೆ ಮರುದಿನ ಅಕ್ಕ ಮೂರು ತಾಸು ಕೂತು ಖಾಲಿ ಹಾಳೆ ಕೊಟ್ಟು ಬಂದಳು. ಪ್ರಶ್ನೆಗಳೆಲ್ಲ ಗೊತ್ತಿದ್ದವಂತೆ. ಯಾವುದು ಪುಸ್ತಕದ್ದು, ಯಾವುದು ಅಮ್ಮನದು ಎಂಬುದು ಮಾತ್ರ ಗೊತ್ತಾಗಲಿಲ್ಲವಂತೆ. ನದಿ ಹುಟ್ಟುವ ಬೆಟ್ಟದ ಹೆಸರು ಬರೆಯಹೋದರೆ, ಇದೂ ಅಮ್ಮ ಕಟ್ಟಿದ್ದೇನೋ ಎಂದು ಕೈ ನಿಂತಿತಂತೆ. ಒಳಗಿದ್ದ ವಿದ್ಯೆಯೆಲ್ಲ ಒಂದೇ ದಿನಕ್ಕೆ ಅನುಮಾನವಾಗಿಬಿಟ್ಟಿತು.

ಮನೆಗೆ ಬಂದವಳೇ ಅಕ್ಕ ಅಡುಗೆಮನೆಗೆ ಹೋಗಿ ಜೋಳದ ಗಡಿಗೆಯನ್ನು ಸರಿಸಿದಳು. ಅದರ ಅಡಿಯಲ್ಲಿ ಬಿಡಿ ಹಾಳೆಗಳ ಒಂದು ಸಣ್ಣ ಕಟ್ಟು ಇತ್ತು, ಆ ವಾರ ರಟ್ಟಿಗೆ ಬಂದ ಪುಸ್ತಕಗಳಲ್ಲಿನ ಪಾಠಗಳ ಕೊನೆಯ ಹಾಳೆಗಳು. ಅಮ್ಮ ಅವನ್ನು ಅಲ್ಲಿ ಇಡುವುದನ್ನು ನಾವಿಬ್ಬರೂ ಚಿಕ್ಕಂದಿನಿಂದ ನೋಡಿದ್ದೆವು. ಅದೂ ಅಬ್ಬಾನ ಕೆಲಸದ ಒಂದು ರೀತಿ ಎಂದುಕೊಂಡಿದ್ದೆವು. ಹೊಲಿಗೆ ಬಿಚ್ಚಿದ ಮೇಲೆ ಎತ್ತಿಡುವುದು, ಪಾಠ ಮುಗಿದ ಮೇಲೆ ಅಬ್ಬಾ ಹೊಲಿಯುವ ಮುಂಚೆ ಮರಳಿ ಸೇರಿಸುವುದು. ಹರಿದ ಹಾಳೆ ಇದ್ದವು, ಖರೆ. ಎತ್ತಿಟ್ಟವೇ ಹೆಚ್ಚು.

"ರಾಣಿ ಸತ್ತದ್ದು ನಿನಗ ಗೊತ್ತಿತ್ತು?" ಎಂದಳು ಅಕ್ಕ.

"ಗೊತ್ತಿತ್ತು."

"ಮತ್ತ ಯಾಕ ಹಂಗ ಮಾಡಿದಿ?"

ಅಮ್ಮ ಒಲೆಯ ಮುಂದೆ ಕೂತವಳು ಏಳಲಿಲ್ಲ. "ಆಕಿ ಕಂಕಳಾಗ ಮಗಾ ಇದ್ದ ಜೈನಾ. ಅವನ್ನ ಸಾಯಿಸಾಕ ನನಗ ಬಾಯಿ ಬರಲಿಲ್ಲ," ಎಂದಳು. "ಮುಂದಿನ ಪಾಠದಾಗೂ ಬರಲಿಲ್ಲ. ಯಾವದರಾಗೂ ಬರಲಿಲ್ಲ."

ಅಕ್ಕ ಕಿರುಚಿದ್ದರೆ ಚೆನ್ನಾಗಿತ್ತು, ಕಿರುಚಲಿಲ್ಲ. ಹಾಳೆಗಳನ್ನು ಅಂಕಿ ನೋಡಿ ಜೋಡಿಸಿ ಅಬ್ಬಾನ ಮುಂದೆ ಇಟ್ಟು ಬಂದಳು. ತಿಂಗಳೊಳಗೆ ಗದಗಿನವರ ಸಂಗಡ ನಿಕಾಹ್ ಆಯಿತು. ಮರುದಿನದಿಂದ ನನಗೂ ಪಾಠ ಇರಲಿಲ್ಲ. ನಾನು ಪುಸ್ತಕ ಹಿಡಿದು ಹೋದರೆ ಅಮ್ಮ ಅಂಟು ತಿರುವುತ್ತ, ನನಗೇನು ಬರತೈತಿ ಎಂದು ಮುಖ ತಿರುಗಿಸುತ್ತಿದ್ದಳು. ಕೈ ಎತ್ತಿ ಸಾಕಪ್ಪಾ ಎನ್ನುವುದೂ ನಿಂತಿತು. ನಮಾಜು ಬಿಡಲಿಲ್ಲ, ರೋಜಾ ಬಿಡಲಿಲ್ಲ. ಆ ಒಂದು ಮಾತು ಬಿಟ್ಟಳು. ನನಗೆ ಆಗ ಅವಳ ಮೇಲೆ ಇದ್ದ ಸಿಟ್ಟನ್ನು ನೆನೆಸಿಕೊಂಡರೆ ಈಗ ನನ್ನ ಮೇಲೇ ಸಿಟ್ಟು ಬರುತ್ತದೆ.

ಅಕ್ಕ ವರ್ಷಕ್ಕೊಮ್ಮೆ ಈದಿಗೆ ಬರುತ್ತಿದ್ದಳು. ಬೆರಳ ಸಂದಿಯಲ್ಲಿ ಇದ್ದಿಲಿನ ಕಪ್ಪು. ಪಡಸಾಲೆಯಲ್ಲಿ ಪುಸ್ತಕ ಬಿದ್ದಿದ್ದರೆ ದಾಟಿ ಒಳಗೆ ಹೋಗುತ್ತಿದ್ದಳು, ತಿರುಗಿ ನೋಡುತ್ತಿರಲಿಲ್ಲ. ಮಲಮಕ್ಕಳಿಗೆ ಓದಲು ಹೇಳಿಕೊಡುತ್ತೀಯಾ ಎಂದು ನಾನು ಒಮ್ಮೆ ಕೇಳಿದೆ. ಅವರು ಸಾಲಿಗೆ ಹೋಗುತ್ತಾರೆ ಎಂದಳು.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಕಾಗದ ಸಿಗದೆ ಅಬ್ಬಾನ ಕೆಲಸ ಇಳಿಯಿತು, ಅಮ್ಮನೂ ಇಳಿದಳು. ಹೊಟ್ಟೆಯಲ್ಲಿ ಗಡ್ಡೆ. ಕೈಲಾದದ್ದನ್ನೆಲ್ಲ ಮಾಡಿದ್ದಾಯಿತು ಎಂದು ಡಾಕ್ಟರರು ಹೇಳಿದ ಮೇಲೆ ಗದಗಿಗೆ ತಾರು ಕಳಿಸಿದೆ. ನಾನು ಅದೇ ಓಣಿಯಲ್ಲಿ ಮದುವೆಯಾಗಿದ್ದೆ, ಆ ದಿನಗಳಲ್ಲಿ ಅಮ್ಮನ ಬಳಿಯೇ ಇದ್ದೆ. ಅಕ್ಕ ಬಂದದ್ದು ಬೆಳಿಗ್ಗೆ, ಒಲೆಯ ಮೇಲೆ ಅಂಟು ಇದ್ದಾಗ. ನಾನು ತಿರುವುತ್ತಿದ್ದೆ. ಅವಳು ಅಡುಗೆಮನೆಯಲ್ಲೇ ಹಾಸಿದ್ದ ಅಮ್ಮನ ಹಾಸಿಗೆಯ ಪಕ್ಕ ಕೂತಳು. ಅಮ್ಮ ಅವಳ ಬೆರಳುಗಳನ್ನು ಒಂದೊಂದಾಗಿ ಸವರಿ, ಒಂಬತ್ತು ವರ್ಷದಲ್ಲಿ ಕೇಳದೆ ಇದ್ದದ್ದನ್ನು ಕೇಳಿದಳು.

"ಜೈನಾ, ಆ ರಾಣಿ ಪಾಠ ಹೇಳವ್ವಾ."

ಅಕ್ಕ ಹೇಳುವುದಿಲ್ಲ ಎಂದುಕೊಂಡೆ. ಹೇಳಿದಳು. ಪುಸ್ತಕದಲ್ಲಿದ್ದ ಹಾಗೆ, ಒಂದು ಶಬ್ದ ತಪ್ಪದೆ. ಕಾಳು ತೀರಿತು, ಮುಂಬಾಗಿಲು ಮುರಿಯಿತು, ರಾಣಿ ಮಗನನ್ನು ಎತ್ತಿಕೊಂಡು ಹಿಂಬಾಗಿಲಿಗೆ ಬಂದಳು. ಅಮ್ಮ ಅವಳ ಬಾಯಿಯನ್ನೇ ನೋಡುತ್ತಿದ್ದಳು. ಅಕ್ಕ ಅಲ್ಲಿ ನಿಂತಳು.

"ಮುಂದ?" ಎಂದಳು ಅಮ್ಮ.

"ಮುಂದಿನ ಹಾಳಿ ಹರದೈತಿ ಅಮ್ಮಾ."

ಸೇಡಿಗೆ ಹೇಳಿದಳೋ, ಅವಳಿಗೂ ಬಾಯಿ ಬರಲಿಲ್ಲವೋ ನನಗೆ ಇಂದಿಗೂ ತಿಳಿಯದು. ಅಮ್ಮ ನಿಧಾನವಾಗಿ ನನ್ನ ಕಡೆ ತಿರುಗಿದಳು, ನೀನಾದರೂ ಹೇಳು ಎಂಬಂತೆ. ನನಗೆ ಎರಡೂ ಕೊನೆಗಳು ಗೊತ್ತಿದ್ದವು. ಕೆರೆ ದಾಟಿಸಲು ಎರಡು ಮಾತು ಸಾಕಿತ್ತು. ಅಕ್ಕನ ಎದುರಿಗೆ, ಆ ಕಪ್ಪು ಬೆರಳುಗಳ ಎದುರಿಗೆ, ಆ ಎರಡು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಅಂಟು ತಳ ಹಿಡಿಯುತ್ತದೆ ಎಂದು ಹೇಳಿ ನಾನು ಒಲೆಯ ಕಡೆ ತಿರುಗಿದೆ.

ಅಮ್ಮ ಮಧ್ಯಾಹ್ನದವರೆಗೆ ಕಾದಳು. ಆಮೇಲೆ ಕಾಯಲಿಲ್ಲ.